ಹೇರೋಹಳ್ಳಿಯ ನಲ್ಲಿಯಲ್ಲಿ ಕರೆಂಟು

"ಎಲೆಕ್ಟ್ರಿಷಿಯನ್‌ಗೆ ಫೋನ್ ಕೊಡಮ್ಮ" ಎಂದರು ಆ ಕಡೆಯವರು.

ಮಾತಾಡುತ್ತಿರುವುದು ಎಲೆಕ್ಟ್ರಿಷಿಯನ್ನೇ ಎಂದೆ. "ಅಲ್ಲಮ್ಮ, ನಿಮ್ಮ ಮನೆಯವರಿಗೆ ಕೊಡಿ" ಎಂದರು. ನಮ್ಮ ಮನೆಯವರು ಲಗ್ಗೆರೆಯ ಹತ್ತಿರ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾರೆ. ಕಬ್ಬಿಣ ಅವರ ಮಾತು ಕೇಳುತ್ತದೆ, ಆದರೆ ಮನೆಯಲ್ಲಿ ಟ್ಯೂಬ್‌ಲೈಟ್ ಕೆಟ್ಟರೆ ನಾನು ಬರುವ ತನಕ ಮೊಬೈಲ್ ಬೆಳಕಿನಲ್ಲೇ ಊಟ ಮಾಡುತ್ತಾರೆ. ಅವರಿಗೆ ಫೋನ್ ಕೊಟ್ಟು ಏನು ಪ್ರಯೋಜನ? ವೈರಿಂಗ್ ಮಾಡುವವಳು ನಾನೇ, ಸರ್ಕಾರದ ಪರ್ಮಿಟ್ ನನ್ನ ಹೆಸರಲ್ಲಿದೆ, ಕೆಲಸ ಏನು ಹೇಳಿ ಎಂದೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮಾಡ್ತೀನಿ ಎಂದು ಇಟ್ಟುಬಿಟ್ಟರು.

ಇಂಥ ಫೋನುಗಳಿಗೆ ನಾನು ಆಗಲೇ ಒಗ್ಗಿಹೋಗಿದ್ದೆ ಎಂದರೆ ಸುಳ್ಳಾಗುತ್ತದೆ. ಒಗ್ಗಿರಲಿಲ್ಲ. ಪ್ರತಿ ಸಲವೂ ಕಿವಿ ಬಿಸಿಯಾಗುತ್ತಿತ್ತು. ಇಂಥದಕ್ಕೆಲ್ಲ ಒಗ್ಗಬೇಕಾದರೆ ಈ ಕೆಲಸಕ್ಕೆ ಯಾಕೆ ಬಂದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಉತ್ತರ ಮಾತ್ರ ಗೊತ್ತಿತ್ತು.

ನಾನು ಬೆಳೆದದ್ದು ಕುರುಬರಹಳ್ಳಿಯಲ್ಲಿ. ಅಪ್ಪ ಅಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ರಾಗಿಗೆ ಒಂದು ಯಂತ್ರ, ಅಕ್ಕಿ ಗೋಧಿಗೆ ಒಂದು, ಮೆಣಸಿನಕಾಯಿಗೆ ಮೂಲೆಯಲ್ಲಿ ಸಣ್ಣದೊಂದು. ದೊಡ್ಡ ಮೋಟರು ಮೂರು ಫೇಸಿನದು. ಮೂರರಲ್ಲಿ ಒಂದು ಫೇಸ್ ಹೋದರೆ ಮೋಟರು ತಿರುಗಲಾರದೆ ಹೊಟ್ಟೆನೋವು ಬಂದ ಎಮ್ಮೆಯ ಹಾಗೆ ಮುಲುಗುತ್ತಿತ್ತು. ತಕ್ಷಣ ಆಫ್ ಮಾಡದಿದ್ದರೆ ಒಳಗಿನ ತಾಮ್ರದ ಸುರುಳಿ ಸುಟ್ಟುಹೋಗುತ್ತಿತ್ತು. ಹಿಟ್ಟಿನ ಸದ್ದಿನಲ್ಲೇ ಇಪ್ಪತ್ತು ವರ್ಷ ಕಳೆದ ಅಪ್ಪನ ಕಿವಿ ಮಂದವಾಗಿತ್ತು. ಹಾಗಾಗಿ ಶಾಲೆಯಿಂದ ಬಂದ ಮೇಲೆ ಮೋಟರಿನ ಸದ್ದು ಕೇಳಿಸಿಕೊಳ್ಳುವ ಕೆಲಸ ನನ್ನದು. ಹೋಂವರ್ಕ್ ಪುಸ್ತಕ ಡಬ್ಬದ ಮೇಲೆ ಇಟ್ಟುಕೊಂಡು, ಒಂದು ಕಿವಿ ಮೋಟರಿನ ಕಡೆ ಕೊಟ್ಟು ಕೂತಿರುತ್ತಿದ್ದೆ. ಮುಲುಗು ಕೇಳಿಸಿದ ಕೂಡಲೇ ಓಡಿಹೋಗಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತುತ್ತಿದ್ದೆ. ಮೋಟರು ಸುಟ್ಟಾಗ ಅದನ್ನು ಬಿಚ್ಚಿ ಹೊಸ ಸುರುಳಿ ಸುತ್ತುವವರು ಬರುತ್ತಿದ್ದರು. ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸುತ್ತು ಎಣಿಸುವುದು ನನಗೆ ಹಬ್ಬ.

ಪಿ.ಯು.ಸಿ. ಆದ ಮೇಲೆ ಅಮ್ಮ ಕಂಪ್ಯೂಟರ್ ಕೋರ್ಸ್ ಎಂದಳು. ನಾನು ಐ.ಟಿ.ಐ.ಗೆ ಅರ್ಜಿ ಹಾಕಿ, ಎಲೆಕ್ಟ್ರಿಷಿಯನ್ ಎಂದು ಬರೆದು ಬಂದೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, ಕಂಬ ಹತ್ತೋ ಹುಡುಗಿಯನ್ನು ಯಾರು ಮದುವೆಯಾಗ್ತಾರೆ ಎಂದು ಕೇಳಿದಳು. ಕಂಬ ಹತ್ತುವವರು ಬೇರೆ, ಮನೆ ವೈರಿಂಗ್ ಮಾಡುವವರು ಬೇರೆ ಎಂದು ವಿವರಿಸಲು ಹೋದೆ. ಆ ವ್ಯತ್ಯಾಸ ಅಮ್ಮನಿಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಐ.ಟಿ.ಐ.ಯ ಮೊದಲ ದಿನ ಮೇಷ್ಟ್ರು ನನ್ನನ್ನು ನೋಡಿ, ಹೊಲಿಗೆ ತರಗತಿ ಮಹಡಿ ಮೇಲೆ ಎಂದರು. ನಾನು ಕದಲಲಿಲ್ಲ. ಎರಡನೇ ದಿನವೂ ಅದನ್ನೇ ಹೇಳಿದರು, ಬಹುಶಃ ಮರೆತು. ಮೂರನೇ ದಿನ ನನ್ನ ಕೈಗೆ ಇಕ್ಕಳ ಕೊಟ್ಟರು. ಬೈಯುವುದರಲ್ಲಿ ಅವರು ಯಾರಿಗೂ ಭೇದ ಮಾಡುತ್ತಿರಲಿಲ್ಲ, ಅದೇ ದೊಡ್ಡ ಉಪಕಾರ. ಟೆಸ್ಟರಿನ ಸಣ್ಣ ದೀಪವನ್ನು ನಂಬಬೇಡಿ ಎನ್ನುತ್ತಿದ್ದರು. ಹೋಲ್ಡರಿಗೆ ನೂರು ವ್ಯಾಟಿನ ಬಲ್ಬ್ ಹಾಕಿ, ಎರಡು ಉದ್ದ ತಂತಿ ಬಿಟ್ಟು, ಅದನ್ನೇ ಎಲ್ಲ ಕಡೆ ಕೊಂಡೊಯ್ಯಿರಿ. ಮನೆಯವರು ಸುಳ್ಳು ಹೇಳಬಹುದು, ಹಿಂದೆ ಕೆಲಸ ಮಾಡಿದವನು ಸುಳ್ಳು ಹೇಳಬಹುದು, ಬಲ್ಬ್ ಹೇಳುವುದಿಲ್ಲ ಎನ್ನುತ್ತಿದ್ದರು. ಆ ಬಲ್ಬ್ ಈಗಲೂ ನನ್ನ ಚೀಲದಲ್ಲಿ ಹಳೇ ಟವೆಲ್ಲಿನೊಳಗೆ ಸುತ್ತಿಕೊಂಡು ಮಲಗಿರುತ್ತದೆ.

ಪಾಸಾದ ಮೇಲೆ ರಾಜಾಜಿನಗರದ ಒಬ್ಬ ಕಂಟ್ರಾಕ್ಟರ್ ಬಳಿ ಸೇರಿದೆ. ನಾಲ್ಕು ವರ್ಷ ಅವರು ನನ್ನ ಕೈಯಲ್ಲಿ ಸಾಮಾನಿನ ಪಟ್ಟಿ ಬರೆಸಿದರು. ಎಷ್ಟು ಸುತ್ತು ತಂತಿ, ಎಷ್ಟು ಸ್ವಿಚ್ಚು, ಎಷ್ಟು ಪೈಪು. ಸೈಟಿಗೆ ಕಳಿಸಿ ಎಂದು ಕೇಳಿದಾಗಲೆಲ್ಲ, ಅಲ್ಲಿ ಹುಡುಗರು ಬರೀ ಬನಿಯನ್ನಲ್ಲಿ ಇರ್ತಾರೆ, ನೀವು ಹೋದರೆ ಅವರಿಗೆ ಸಂಕೋಚ ಆಗುತ್ತೆ ಎನ್ನುತ್ತಿದ್ದರು. ಹುಡುಗರಿಗೆ ಒಂದೊಂದು ಶರ್ಟು ಹಾಕಿಕೊಳ್ಳಲು ಹೇಳಿದರೆ ಮುಗಿಯುವ ಸಮಸ್ಯೆಗೆ ನನ್ನ ನಾಲ್ಕು ವರ್ಷ ಹೋಯಿತು. ಕೊನೆಗೆ ಅಲ್ಲಿಂದ ಬಿಟ್ಟು, ಪರೀಕ್ಷೆ ಬರೆದು ಪರ್ಮಿಟ್ ತೆಗೆದುಕೊಂಡೆ. ಕೈಗೆ ಬಂದ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಶ್ರೀ ಎಂದಿತ್ತು. ಫೋಟೋದಲ್ಲಿ ಜಡೆ, ಹಣೆಯಲ್ಲಿ ಕುಂಕುಮ, ಕೆಳಗೆ ಶ್ರೀ. ತಿದ್ದಿಸಲು ಹೋದರೆ ಗುಮಾಸ್ತರು, ಅದು ಕಂಪ್ಯೂಟರಿನಲ್ಲಿ ತಾನಾಗಿ ಬರುತ್ತೆ, ಇದರಲ್ಲಿ ಶ್ರೀಮತಿ ಅನ್ನೋ ಆಯ್ಕೆಯೇ ಇಲ್ಲ ಎಂದರು. ಮೂರು ಸಲ ಅಲೆದಮೇಲೆ ಒಬ್ಬರು ಪೆನ್ನಿನಲ್ಲಿ ತಿದ್ದಿ ಸೀಲು ಒತ್ತಿಕೊಟ್ಟರು.

ಇಷ್ಟೆಲ್ಲ ಆದಮೇಲೂ ಫೋನಿನಲ್ಲಿ ಮನೆಯವರಿಗೆ ಕೊಡಿ ಎಂದರೆ ಹೇಗಿರಬೇಡ.

ಒಂದು ವಾರ ಬಿಟ್ಟು, ಮನೆಯವರಿಗೆ ಕೊಡಿ ಎಂದಿದ್ದವರೇ ಮತ್ತೆ ಫೋನ್ ಮಾಡಿದರು. ಬೇರೆ ಯಾರೂ ಸಿಕ್ಕಿಲ್ಲವೆಂಬುದು ದನಿಯಲ್ಲೇ ತಿಳಿಯುತ್ತಿತ್ತು. ಬಸವೇಶ್ವರನಗರದ ಎಲೆಕ್ಟ್ರಿಕಲ್ ಅಂಗಡಿಯವರು ನಂಬರ್ ಕೊಟ್ಟರಂತೆ. ಹೇರೋಹಳ್ಳಿಯಲ್ಲಿ ಮನೆ, ತಾಯಿಗೆ ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದಂತೆ, ಒಂದು ಸಲ ನೋಡಿ ಹೋಗಿ ಎಂದರು. 'ಹೊಡೆಯುತ್ತದಂತೆ' ಎಂಬುದನ್ನು ಅವರು ಎಳೆದ ರೀತಿ ನನಗೆ ಸರಿಬರಲಿಲ್ಲ.

ಸ್ಕೂಟರಿನ ಮುಂದೆ ಚೀಲ ಇಟ್ಟುಕೊಂಡು ಹೋದೆ. ಊರು ಮೊದಲಿನ ಹಳ್ಳಿಯೇ, ಅದರ ಸುತ್ತ ಸೈಟುಗಳು ಬೆಳೆದು ಹಳ್ಳಿ ಒಳಗೆ ಸಿಕ್ಕಿಕೊಂಡಿದೆ. ರಸ್ತೆ ಅಗೆದು ಮುಚ್ಚಿ, ಮತ್ತೆ ಅಗೆದಿದ್ದರು. ಮನೆ ಮೂರು ಅಂತಸ್ತಿನದು. ರಾಗಿ ಬೆಳೆಯುತ್ತಿದ್ದ ಸ್ವಂತ ಜಮೀನಿನಲ್ಲೇ ಕಟ್ಟಿದ್ದು. ಕೆಳಗೆ ಮನೆಯವರು, ಮೇಲಿನ ಎರಡೂ ಅಂತಸ್ತು ಬಾಡಿಗೆಗೆ. ಗೇಟಿನ ಒಳಗೆ ಕಾರು ನಿಲ್ಲಿಸುವ ಜಾಗಕ್ಕೆ ಹೊಸದಾಗಿ ಟೈಲ್ಸ್ ಹಾಕಿಸಿದ್ದರು, ಕೆಂಪು ಬಿಳಿ ಚೌಕಗಳು, ಚಪ್ಪಲಿ ಬಿಟ್ಟು ನಡೆಯಬೇಕೆನ್ನಿಸುವಷ್ಟು ಹೊಳಪು.

ಫೋನ್ ಮಾಡಿದ್ದ ಮನೆಯ ಯಜಮಾನರು ಐವತ್ತರ ಆಸುಪಾಸಿನವರು. ಬಾಗಿಲಿಗೆ ಬಂದು ನನ್ನನ್ನು ನೋಡಿ, ನನ್ನ ಬೆನ್ನ ಹಿಂದೆ ರಸ್ತೆಯನ್ನೂ ನೋಡಿದರು. ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಕರೆದರು. ನನಗಿಂತ ಮೊದಲು ಮೂವರು ಎಲೆಕ್ಟ್ರಿಷಿಯನ್ನರು ಬಂದುಹೋಗಿದ್ದರು. ಮೊದಲನೆಯವನು ಏನೂ ಇಲ್ಲ ಸಾರ್, ವಯಸ್ಸಾದವರಿಗೆ ನರದಲ್ಲಿ ಜುಮ್ ಅನ್ನುತ್ತೆ ಎಂದು ಹೇಳಿ ಹೋದ. ಎರಡನೆಯವನು ಬಚ್ಚಲಿಗೆ ರಬ್ಬರ್ ಮ್ಯಾಟ್ ಹಾಕಿಸಿದ. ಮೂರನೆಯವನು ಬಂದಾಗ ಮೀಟರ್ ಬೋರ್ಡಿನಲ್ಲಿದ್ದ ಟ್ರಿಪ್ಪರ್ ಆಗಾಗ ಬೀಳುತ್ತಿತ್ತಂತೆ. ಅದೇ ಹಾಳಾಗಿದೆ ಎಂದು ತೆಗೆದುಹಾಕಿ, ನೇರ ತಂತಿ ಕೊಟ್ಟು ಹೋದ. ಟ್ರಿಪ್ಪರ್ ಎಂದರೆ ಎಲ್ಲಾದರೂ ಕರೆಂಟು ಸೋರಿದರೆ ತಾನೇ ಬಿದ್ದು ಇಡೀ ಮನೆಯ ಕರೆಂಟು ಕಡಿದು ಜೀವ ಉಳಿಸುವ ಡಬ್ಬಿ. ನಾಯಿ ಬೊಗಳುತ್ತಿದೆ ಎಂದು ನಾಯಿಯನ್ನೇ ಓಡಿಸಿದ ಹಾಗಾಯಿತು. ಈ ಮೂವರ ಮಾತನ್ನೂ ನಂಬಿದ ಯಜಮಾನರು ತಾಯಿಯನ್ನು ನರದ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಮಾತ್ರೆ ಬರೆಸಿ ತಂದಿದ್ದರು.

ಅಜ್ಜಿ ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದರು. ಎಪ್ಪತ್ತೈದು ದಾಟಿರಬೇಕು. ಹೊಲದಲ್ಲಿ ದುಡಿದ ಕೈ, ಬೆರಳು ಗಂಟುಗಂಟು. ಪಕ್ಕದ ಸಿಂಕಿನ ನಲ್ಲಿಗೆ ಒಣಬಟ್ಟೆಯೊಂದನ್ನು ಕಟ್ಟಿದ್ದರು. ಅದು ಅವರೇ ಕಂಡುಕೊಂಡ ಉಪಾಯ. ಬಟ್ಟೆ ಒದ್ದೆಯಾದರೆ ಬದಲಾಯಿಸುತ್ತಿದ್ದರು.

ನಾನು ಅವರ ಮುಂದೆ ಕೂತು ಮೊದಲು ಕೇಳಿದ್ದು, ಶಾಕ್ ಯಾವಾಗ ಯಾವಾಗ ಹೊಡೆಯುತ್ತದೆ ಎಂದು. ಅಜ್ಜಿ ಕಾಳು ಬಿಡಿಸುವುದನ್ನು ನಿಲ್ಲಿಸಿದರು. ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲವಂತೆ.

"ಬೆಳಿಗ್ಗೆ ಹಾಲಿನವನು ಬಂದು ಹೋದ ಮೇಲೆ ಕಣವ್ವ. ಒಂದರ್ಧ ಗಂಟೆ. ಆಮೇಲಿರಕ್ಕಿಲ್ಲ. ಭಾನುವಾರ ಆ ಹೊತ್ತಿಗೆ ಬರಕ್ಕಿಲ್ಲ, ತಿಂಡಿ ಆದ್ಮೇಲೆ ಬತ್ತದೆ."

ನರದ ಕಾಯಿಲೆ ಭಾನುವಾರ ತಡವಾಗಿ ಏಳುವುದಿಲ್ಲ. ಯಾರಾದರೂ ಮನುಷ್ಯರು ಏಳುತ್ತಾರೆ. ಹಿಂದಿನ ತಿಂಗಳು ನಡುವೆ ಒಂದು ನಾಲ್ಕು ದಿನ ಶಾಕೇ ಇರಲಿಲ್ಲ ಎಂದೂ ಅಜ್ಜಿ ಹೇಳಿದರು. ಆ ನಾಲ್ಕು ದಿನ ಮನೆಯಲ್ಲಿ ಯಾರಾದರೂ ಊರಿಗೆ ಹೋಗಿದ್ದರೇ ಎಂದು ಯಜಮಾನರನ್ನು ಕೇಳಿದೆ. ಅವರು ಯೋಚಿಸಿ, ನಾವು ಎಲ್ಲಿಗೂ ಹೋಗಿಲ್ಲ, ಎರಡನೇ ಮಹಡಿಯವರು ಮದುವೆಗೆಂದು ದಾವಣಗೆರೆ ಕಡೆ ಹೋಗಿದ್ದರು ಎಂದರು. ಹೇಳಿದ ಮೇಲೂ ಅವರಿಗೆ ಏನೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಮುಂಚೆ ಹೋದೆ. ಎರಡನೇ ಮಹಡಿಯಲ್ಲಿ ಗಂಡ ಹೆಂಡತಿ, ಇಬ್ಬರೂ ಬ್ಯಾಂಕಿನ ಕೆಲಸದವರು. ಬೆಳಿಗ್ಗೆ ಎದ್ದು ಅರ್ಧ ಗಂಟೆ ಹಾಕುವುದೆಂದರೆ ಗೀಸರೇ ಇರಬೇಕೆಂದು ಅದನ್ನು ಹಾಕಿಸಿ, ಓಡಿ ಕೆಳಗೆ ಬಂದು ಅಜ್ಜಿಯ ನಲ್ಲಿಗೆ ಮೀಟರ್ ಹಚ್ಚಿದೆ. ನೂರ ಎಪ್ಪತ್ತು ವೋಲ್ಟ್ ತೋರಿಸಿತು. ಮೇಲೆ ಕೂಗಿ ಗೀಸರ್ ಆಫ್ ಮಾಡಿಸಿದೆ, ಸೊನ್ನೆ. ಮತ್ತೆ ಹಾಕಿಸಿದೆ, ನೂರ ಎಪ್ಪತ್ತು. ಯಜಮಾನರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ನಾನು ಮೀಟರನ್ನು ಅವರ ಕಣ್ಣ ಮುಂದೆ ಹಿಡಿದೆ. ನಿಮ್ಮ ಮೀಟರ್ ಸರಿಯಿದೆ ತಾನೇ ಎಂದರು.

ನಡೆದದ್ದು ಇಷ್ಟು. ಮೇಲಿನ ಗೀಸರಿನೊಳಗೆ ನೀರು ಕಾಯಿಸುವ ಕಾಯಿಲ್ ಸೀಳಿ, ಅದರ ಮೈಗೆ ಕರೆಂಟು ಬರುತ್ತಿತ್ತು. ಹಾಗೆ ಬಂದ ಕರೆಂಟು ಅರ್ಥಿಂಗ್ ತಂತಿಯಲ್ಲಿ ಇಳಿದು ನೆಲಕ್ಕೆ ಹೋಗಬೇಕು. ಅರ್ಥಿಂಗ್ ಎಂದರೆ ಮನೆಯ ಎಲ್ಲ ಯಂತ್ರಗಳ ಮೈಯಿಂದ ಹೊರಟು ಕೊನೆಗೆ ಮಣ್ಣಿನಲ್ಲಿ ಹೂತ ಪೈಪಿಗೆ ಸೇರುವ ತಂತಿ. ಅದು ಮಣ್ಣಿಗೆ ಸೇರುವ ಕಡೆ ತುಂಡಾಗಿದ್ದರೆ, ಒಬ್ಬರ ಮನೆಯ ಗೀಸರಿನ ಕರೆಂಟು ಅದೇ ತಂತಿ ಹಿಡಿದು ಎಲ್ಲರ ಮನೆಗೂ ಹೋಗುತ್ತದೆ. ಮೂರು ಅಂತಸ್ತಿನಲ್ಲೂ ಹಾಗೇ ಹೋಗುತ್ತಿತ್ತು. ಮೇಲಿನವರ ನಲ್ಲಿಗಳು ಪ್ಲಾಸ್ಟಿಕ್ ಪೈಪಿನವು, ಅವರಿಗೆ ತಿಳಿಯಲಿಲ್ಲ. ಕೆಳಗಿನ ಮನೆಯದು ಮೊದಲು ಕಟ್ಟಿದ ಭಾಗ, ತಂತಿಯ ಕರೆಂಟನ್ನು ನಲ್ಲಿಯವರೆಗೂ ಹೊತ್ತು ತರುವ ಹಳೇ ಕಬ್ಬಿಣದ ಪೈಪು, ಬರಿಗಾಲಿನ ಅಜ್ಜಿ.

ತುಂಡಾಗಿರುವುದನ್ನು ತೋರಿಸಲು ಮೀಟರ್ ಬೋರ್ಡಿನ ಬಳಿ ಮನೆಗೆ ಹೋಗುವ ಅರ್ಥ್ ತಂತಿಯನ್ನು ಬಿಚ್ಚಿ ಬೇರೆ ಮಾಡಿದೆ. ನೆಲಕ್ಕಿಳಿಯುವ ತಂತಿಗೂ ಕರೆಂಟು ಬರುವ ಫೇಸ್ ತಂತಿಗೂ ನಡುವೆ ನನ್ನ ನೂರು ವ್ಯಾಟಿನ ಬಲ್ಬ್ ಹಿಡಿದೆ. ಅರ್ಥಿಂಗ್ ಸರಿಯಿದ್ದರೆ ಬಲ್ಬ್ ಪೂರ್ತಿ ಉರಿಯಬೇಕು. ಒಳಗಿನ ಎಳೆ ಕೆಂಪಗೂ ಆಗಲಿಲ್ಲ.

"ಬಲ್ಬ್ ಹೋಗಿರಬೇಕು" ಎಂದರು ಯಜಮಾನರು.

ಅದೇ ಬಲ್ಬನ್ನು ಫೇಸ್ ನ್ಯೂಟ್ರಲ್ ನಡುವೆ ಹಿಡಿದು ಹೊತ್ತಿಸಿ ತೋರಿಸಿದೆ. ಅವರು ಜೇಬಿನಿಂದ ಮೊಬೈಲ್ ತೆಗೆದರು. ಕೆಂಗೇರಿಯಲ್ಲಿ ಅವರಿಗೆ ಪರಿಚಯದ ಒಬ್ಬ ಎಲೆಕ್ಟ್ರಿಷಿಯನ್ ಇದ್ದನಂತೆ, ಬಿಡುವಿಲ್ಲವೆಂದು ಇಲ್ಲಿಗೆ ಬರುವುದಿಲ್ಲ ಎಂದಿದ್ದವನು. ಅವನಿಗೆ ಫೋನ್ ಮಾಡಿ, ನಾನು ಹೇಳಿದ್ದನ್ನೆಲ್ಲ ಅವನಿಗೆ ಹೇಳಿದರು, ಅರ್ಧ ತಪ್ಪಾಗಿ. ನಾನು ಗೋಡೆಗೆ ಒರಗಿ ನಿಂತಿದ್ದೆ. ಅವನು ಅಲ್ಲಿಂದ ಏನು ಹೇಳಿದನೋ, ಇವರು ಹೂಂ ಹೂಂ ಎಂದು ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಅರ್ಥಿಂಗ್ ಹೋಗಿದೆಯಂತೆ ಮೇಡಂ. ಅದನ್ನ ಸರಿ ಮಾಡ್ಬೇಕಂತೆ."

ಹೊಸ ಸುದ್ದಿಯನ್ನು ನನಗೆ ಮೊದಲು ತಿಳಿಸುವವರ ಧಾಟಿಯಲ್ಲಿ ಹೇಳಿದರು. ಆ ಕ್ಷಣ ಚೀಲ ಎತ್ತಿಕೊಂಡು ಹೊರಟುಬಿಡಬೇಕೆನ್ನಿಸಿತು. ಹೊರಡಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದರು, ನಲ್ಲಿಗೆ ಕಟ್ಟುವ ಬಟ್ಟೆ ಕೈಯಲ್ಲಿತ್ತು.

ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿದೆ. ಯಜಮಾನರು ತಲೆ ಕೆರೆದುಕೊಂಡು ಕಾರಿನ ಕೆಳಗೆ ಕೈ ತೋರಿಸಿದರು. ಹೊಸ ಟೈಲ್ಸ್ ಹಾಕುವಾಗ ಗುಂಡಿ ಮುಚ್ಚಿದ್ದರು, ತಂತಿ ಕಡಿದುಹೋದದ್ದೂ ಆಗಲೇ ಇರಬೇಕು. ಶಾಕ್ ಶುರುವಾದದ್ದು ಯಾವಾಗ ಎಂದರೆ ಟೈಲ್ಸ್ ಹಾಕಿದ ತಿಂಗಳು. ಅಲ್ಲಿ ನಾಲ್ಕು ಟೈಲ್ಸ್ ಒಡೆದರೆ ಸಾಕು ಎಂದೆ. ಅದು ಮಾತ್ರ ಆಗುವುದಿಲ್ಲ, ಆ ಬಣ್ಣದ ಟೈಲ್ಸ್ ಈಗ ಸಿಗುವುದೇ ಇಲ್ಲ ಎಂದರು. ಅಷ್ಟು ಹೊತ್ತಿನಲ್ಲಿ ಅವರ ಮುಖದಲ್ಲಿ ನಿಜವಾದ ಆತಂಕ ಕಂಡದ್ದು ಅದೊಂದೇ ಸಲ.

ಕೊನೆಗೆ ಕಾಂಪೌಂಡಿನ ಮೂಲೆಯಲ್ಲಿ, ನುಗ್ಗೆಮರದ ಪಕ್ಕ ಬರೀ ಮಣ್ಣಿದ್ದ ಕಡೆ ಹೊಸ ಗುಂಡಿ ತೋಡುವುದೆಂದಾಯಿತು. ಅಗೆಯಲು ನನ್ನ ಪರಿಚಯದ ಗಾರೆಯವರೊಬ್ಬರನ್ನು ಕರೆಸಿದೆ. ಎಷ್ಟು ಆಳ, ಎಷ್ಟು ಅಗಲ ಎಂದು ಯಜಮಾನರು ಅವರೊಂದಿಗೇ ಚರ್ಚೆಗೆ ಕೂತರು. ಗಾರೆಯವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ನೀವು ಎಷ್ಟು ಅಂದ್ರಿ?" ಎಂದರು. ಅವತ್ತು ಇಡೀ ದಿನದಲ್ಲಿ ನನಗೆ ಹಿತವೆನಿಸಿದ ಮಾತು ಅದು.

ಗುಂಡಿಗೆ ಪೈಪು ಇಳಿಸಿ ಸುತ್ತಲೂ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ಹಾಕುತ್ತಾ ಹೋದೆವು. ಅವು ಮಣ್ಣಿನ ತೇವ ಹಿಡಿದಿಡುತ್ತವೆ, ತೇವವಿದ್ದರೆ ಕರೆಂಟು ಸಲೀಸಾಗಿ ನೆಲಕ್ಕಿಳಿಯುತ್ತದೆ. ಅಜ್ಜಿ ಮೆಟ್ಟಿಲ ಮೇಲೆ ಕೂತು ಇದನ್ನೇ ನೋಡುತ್ತಿದ್ದವರು, ಉಪ್ಪು ಇದ್ದಿಲು ನೆಲಕ್ಕೆ ಹಾಕಿ ಯಾರಿಗೆ ಮಾಟ ಮಾಡಿಸುತ್ತಿದ್ದೀಯ ಎಂದು ಕೇಳಿದರು. ನಿಮ್ಮ ನಲ್ಲಿಗೆ ಎಂದೆ. ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

ಸಂಜೆಯ ಹೊತ್ತಿಗೆ ಹೊಸ ತಂತಿ ಎಳೆದು ಬಲ್ಬ್ ಹಿಡಿದೆ. ಝಗ್ ಎಂದು ಹೊತ್ತಿಕೊಂಡಿತು. ಮೀಟರ್ ಬೋರ್ಡಿಗೆ ಹೊಸ ಟ್ರಿಪ್ಪರ್ ಕೂರಿಸಿದೆ. ಅಜ್ಜಿ ಒಳಗೆ ಹೋಗಿ ನಲ್ಲಿಯ ಬಟ್ಟೆ ಬಿಚ್ಚಿದರು. ಒದ್ದೆ ಕೈಯಲ್ಲೇ, ಬರಿಗಾಲಲ್ಲೇ ನಲ್ಲಿ ಹಿಡಿದರು. ಹಿಡಿದವರು ಬಿಡಲೇ ಇಲ್ಲ, ನೀರು ಸುರಿಯುತ್ತಲೇ ಇತ್ತು. ನಾನು ಅಳು ಬರುತ್ತದೇನೋ ಎಂದುಕೊಂಡೆ. ಅವರಿಗೆ ಬಂದದ್ದು ಸಿಟ್ಟು. ಮಗನನ್ನು ಕೂಗಿ ಕರೆದು, ನರದ ಮಾತ್ರೆಗಳನ್ನು ಗೂಡಿನಿಂದ ತೆಗೆದು ಸಿಂಕಿನ ಪಕ್ಕ ಇಟ್ಟರು.

"ತಗೋ, ಇದನ್ನ ನಲ್ಲಿಗೆ ಕೊಡು. ನಂಗೆ ಹುಚ್ಚು ಅಂದ್ಯಲ್ಲ."

ಯಜಮಾನರು ನಾನೆಲ್ಲಿ ಹುಚ್ಚು ಅಂದೆ ಎಂದು ಗೊಣಗುತ್ತಾ ಹೊರಗೆ ಹೋಗಿ ಕಾರು ಒರೆಸತೊಡಗಿದರು.

ಹೊರಡುವ ಮೊದಲು ಎರಡನೇ ಮಹಡಿಗೆ ಹೋಗಿ, ಗೀಸರಿನ ಕಾಯಿಲ್ ಬದಲಾಯಿಸುವ ತನಕ ಅದನ್ನು ಹಾಕಬೇಡಿ ಎಂದು ಇಬ್ಬರಿಗೂ ಹೇಳಿದೆ. ತಲೆಯಾಡಿಸಿದರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಚಪಾತಿ ಲಟ್ಟಿಸುತ್ತಿರುವಾಗ ಯಜಮಾನರ ಫೋನು. ನೀವು ಏನೋ ಮಾಡಿ ಹೋದಮೇಲೆ ಮನೆಯಲ್ಲಿ ಕರೆಂಟು ಹಾಕಿದಷ್ಟು ಸಲವೂ ಹೋಗುತ್ತಿದೆ, ಮೇಲಿನವರು ಬೈಯುತ್ತಿದ್ದಾರೆ, ತಕ್ಷಣ ಬನ್ನಿ ಎಂದರು. ಹಿಟ್ಟಿನ ಕೈ ತೊಳೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಆಗಿರುವುದೇನೆಂದು ಗೊತ್ತಿತ್ತು, ಆದ್ದರಿಂದಲೇ ತಲೆ ಸಿಡಿಯುತ್ತಿತ್ತು. ಗೀಸರ್ ಹಾಕಿದ್ದಾರೆ. ಕರೆಂಟು ಸೋರಿದೆ. ಟ್ರಿಪ್ಪರ್ ತನ್ನ ಕೆಲಸ ಮಾಡಿದೆ.

ಮೇಲಿನ ಮನೆಯ ಗಂಡ ಸ್ನಾನದ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಮೀಟರ್ ಬೋರ್ಡಿನ ಮುಂದೆಯೇ ನಿಂತಿದ್ದರು. ನಿನ್ನೆಯವರೆಗೂ ಎಲ್ಲ ಚೆನ್ನಾಗಿತ್ತು, ಬಿಸಿನೀರು ಬರುತ್ತಿತ್ತು ಎಂದರು. ಬಿಸಿನೀರು ಬರುತ್ತಿತ್ತು, ಅದರ ಜೊತೆ ಕೆಳಗಿನ ಅಜ್ಜಿಗೆ ಶಾಕೂ ಹೊಡೆಯುತ್ತಿತ್ತು ಎಂದೆ. ನಮಗೇನೂ ಹೊಡೆದಿಲ್ಲವಲ್ಲ ಎಂದರು. ಓದಿದವರು, ದಿನವೂ ಹತ್ತಾರು ಜನಕ್ಕೆ ತಿಳಿಹೇಳುವ ಕೆಲಸದಲ್ಲಿದ್ದವರು. ನಾನು ಒಂದರಿಂದ ಮತ್ತೆ ಶುರುಮಾಡಿದೆ. ಕಾಯಿಲ್, ಸೋರಿಕೆ, ಅರ್ಥಿಂಗ್. ಅರ್ಧಕ್ಕೇ ಯಜಮಾನರು ಬಾಯಿ ಹಾಕಿದರು. "ಮೇಡಂ, ಅದೆಲ್ಲ ಇರ್ಲಿ. ಸದ್ಯಕ್ಕೆ ಆ ಡಬ್ಬಿ ತೆಗೆದು ಡೈರೆಕ್ಟ್ ಕೊಟ್ಬಿಡಿ. ಅವರಿಗೆ ಆಫೀಸಿಗೆ ಲೇಟಾಗ್ತಿದೆ."

"ಕೊಡಲ್ಲ ಸಾರ್" ಎಂದೆ.

ಹಿಂದೆ ಬಂದವನು ಕೊಟ್ಟಿದ್ದನಲ್ಲ, ಏನೂ ಆಗಲಿಲ್ಲವಲ್ಲ ಎಂದರು. ಏನೂ ಆಗದೆ ಇದ್ದದ್ದು ನಿಮ್ಮ ತಾಯಿ ನಲ್ಲಿಗೆ ಬಟ್ಟೆ ಕಟ್ಟಿಕೊಂಡ ಪುಣ್ಯದಿಂದ ಎಂದೆ. ನನ್ನ ದನಿ ಏರಿತ್ತು. ಹಾಗೆ ಏರಿಸಿ ಮಾತಾಡಿದರೆ ಕೆಲಸ ಸಿಗುವುದಿಲ್ಲವೆಂದು ಕಂಟ್ರಾಕ್ಟರ್ ಹೇಳುತ್ತಿದ್ದದ್ದು ನೆನಪಾಯಿತು, ಆದರೂ ಇಳಿಸಲಿಲ್ಲ. ಯಜಮಾನರು, ನೀವು ಮಾಡದಿದ್ದರೆ ಬೇರೆಯವರ ಕೈಲಿ ಮಾಡಿಸುತ್ತೇನೆ ಎಂದು ಮತ್ತೆ ಮೊಬೈಲ್ ತೆಗೆದರು. ಮಾಡಿಸುವವರು ಸಿಗುತ್ತಾರೆಂದು ನನಗೂ ಗೊತ್ತಿತ್ತು. ಒಂದು ಸ್ಕ್ರೂಡ್ರೈವರ್, ಐದು ನಿಮಿಷ, ಅಷ್ಟೇ ಸಾಕು.

ಆಗ ಅಜ್ಜಿ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಬಂದರು. ಹೊಸ ಟೈಲ್ಸಿನ ಮೇಲೆ ಅದು ಕಿರ್ರೆಂದಿತು. ಮೀಟರ್ ಬೋರ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ಕುರ್ಚಿ ಹಾಕಿ ಕೂತರು. ಮಡಿಲಲ್ಲಿ ಅವರೆಕಾಯಿ ತುಂಬಿದ ಮೊರ ಇತ್ತು.

"ಯಾವನು ಮುಟ್ತಾನೋ ಮುಟ್ಲಿ. ನಾನಿಲ್ಲೇ ಇರ್ತೀನಿ" ಎಂದು ಹೇಳಿ ಕಾಯಿ ಸುಲಿಯತೊಡಗಿದರು.

ಯಾರೂ ಮುಟ್ಟಲಿಲ್ಲ. ಮೇಲಿನವರು ಅವತ್ತು ತಣ್ಣೀರಿನಲ್ಲಿ ಸ್ನಾನ ಮಾಡಿದರೋ, ಮಾಡದೆ ಹೋದರೋ ತಿಳಿಯದು. ಮಧ್ಯಾಹ್ನದ ತನಕ ಅಜ್ಜಿ ಅಲ್ಲಿಂದ ಏಳಲಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡರೆಂದು ಆಮೇಲೆ ಸೊಸೆ ಹೇಳಿದರು. ಸಂಜೆ ಗೀಸರ್ ರಿಪೇರಿಯವರು ಬಂದಾಗ ನಾನೂ ಮತ್ತೆ ಹೋದೆ. ಬಿಚ್ಚಿದ ಕಾಯಿಲನ್ನು ನಾನು ಕೇಳಿ ಪಡೆದೆ. ಬಿಳಿ ಸುಣ್ಣ ಕಟ್ಟಿ, ನಡುವೆ ಬೆರಳುದ್ದ ಸೀಳಿತ್ತು. ಮೇಲಿನ ಮನೆಯ ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಮ್ಮ ಮಗು ಆಗಿದ್ದರೆ ಎಂದು ಶುರುಮಾಡಿದವರು ಮಾತು ಮುಗಿಸಲಿಲ್ಲ. ಅವರಿಗೆ ಆಗ ಐದು ತಿಂಗಳಾಗಿತ್ತೆಂದು ನನಗೆ ತಿಳಿದದ್ದು ಆಮೇಲೆ. ಹೊಸ ಕಾಯಿಲ್ ಹಾಕಿದ ಮೇಲೆ ಟ್ರಿಪ್ಪರ್ ಬೀಳಲೇ ಇಲ್ಲ.

ಇದರಿಂದ ಯಜಮಾನರು ಬದಲಾದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅವರು ಬದಲಾಗಲಿಲ್ಲ. ಎದುರು ಮನೆಯವರಿಗೆ ನನ್ನ ನಂಬರ್ ಕೊಡುವಾಗ, ಗಂಡ ಹೆಂಡತಿ ಇಬ್ಬರೂ ಸೇರಿ ಕೆಲಸ ಮಾಡ್ತಾರೆ, ಒಳ್ಳೇ ಜನ ಎಂದು ಹೇಳಿದ್ದರಂತೆ. ನನ್ನ ಗಂಡನನ್ನು ಅವರು ಕಂಡದ್ದೇ ಇಲ್ಲ. ಈ ಮಾತನ್ನು ಮನೆಯಲ್ಲಿ ಹೇಳಿದಾಗ ಗಂಡ, ಹಾಗಾದರೆ ನಾನೂ ಬಲ್ಬ್ ಹಾಕೋದು ಕಲಿಯಲಾ ಎಂದು ಕೇಳಿದರು. ಬೇಡ, ಲೇತೇ ಸಾಕು ಎಂದೆ.

ಅಜ್ಜಿ ಮಾತ್ರ ನನ್ನನ್ನು ಬಿಡಲಿಲ್ಲ. ಹಾಲಿನವನ ಹೆಂಡತಿಗೆ, ದೇವಸ್ಥಾನದಲ್ಲಿ ಪಕ್ಕ ಕೂರುವವರಿಗೆ, ಲಗ್ಗೆರೆಯಲ್ಲಿರುವ ನಾದಿನಿಯ ಮಗಳಿಗೆ, ಎಲ್ಲರಿಗೂ ನನ್ನನ್ನು ಹೇಳಿದರು. ಅವರು ಹೇಳುತ್ತಿದ್ದ ರೀತಿ ಬೇರೆ. ಆ ಹುಡುಗಿ ಬಂದು ಮೊದಲು ಕೂತ್ಕೊಂಡು ಕೇಳ್ತಾಳೆ ಎನ್ನುತ್ತಿದ್ದರಂತೆ. ಹಾಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಹೆಂಗಸರದು. ಮಿಕ್ಸಿ ಮುಟ್ಟಿದರೆ ಜುಮ್ಮೆನ್ನುತ್ತದೆ, ವಾಷಿಂಗ್ ಮೆಷಿನ್ನಿನಿಂದ ಒದ್ದೆ ಬಟ್ಟೆ ತೆಗೆಯುವಾಗ ಕಚ್ಚಿದ ಹಾಗಾಗುತ್ತದೆ, ಮನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಇಂಥ ಎಷ್ಟು ಮನೆ ನೋಡಿದೆನೋ ಲೆಕ್ಕವಿಲ್ಲ. ವಿಜಯನಗರದ ಒಂದು ಮನೆಯಲ್ಲಂತೂ ಫ್ರಿಜ್ಜಿನ ಹಿಡಿಗೆ ಮಗಳ ಹಳೇ ಕಾಲುಚೀಲ ಹಾಕಿಟ್ಟಿದ್ದರು. ಎರಡು ವರ್ಷದಿಂದ ಅದು ಅಲ್ಲೇ ಇತ್ತು.

ಹೋದ ವರ್ಷ ಅದೇ ಯಜಮಾನರು ಊರಿನ ಇನ್ನೊಂದು ಸೈಟಿನಲ್ಲಿ ಮಗನಿಗೆಂದು ಮನೆ ಕಟ್ಟಿಸಲು ಶುರುಮಾಡಿದರು. ಪೂರ್ತಿ ವೈರಿಂಗ್ ನನಗೇ ಒಪ್ಪಿಸಿದರು. ಇಡೀ ಮನೆಯ ಕೆಲಸ ನನ್ನ ಹೆಸರಲ್ಲಿ ಮೊದಲು ಬಂದದ್ದು ಅದು. ಖುಷಿಯಾಯಿತು ಎಂದು ಹೇಳಲೇಬೇಕು. ಆದರೆ ಆ ಖುಷಿಗೂ ಯಜಮಾನರು ಆಗಾಗ ಬಂದು ತಣ್ಣೀರು ಎರಚುತ್ತಿದ್ದರು. ಟಿ.ವಿ. ಹಾಕುವ ಗೋಡೆ ಮೂರು ಸಲ ಬದಲಾಯಿತು, ಮೂರು ಸಲವೂ ನಾನು ಪೈಪು ಕಿತ್ತು ಹಾಕಿದೆ.

ಗೋಡೆಗಳಿಗೆ ಸೀಮೆಸುಣ್ಣದಲ್ಲಿ ಸ್ವಿಚ್ ಬೋರ್ಡಿನ ಗುರುತು ಹಾಕುವ ದಿನ ಅಜ್ಜಿ ಮೊಮ್ಮಗನ ಗಾಡಿಯ ಹಿಂದೆ ಕೂತು ಬಂದರು. ಬಾಗಿಲಿಲ್ಲದ ಕೋಣೆಗಳನ್ನು ಒಂದೊಂದಾಗಿ ನೋಡಿದರು. ತಮಗೆಂದು ಇಟ್ಟ ಕೋಣೆಯಲ್ಲಿ, ಮಂಚ ಬರುವ ಕಡೆ, ಕೂತುಕೊಳ್ಳಲು ಸಿಮೆಂಟ್ ಚೀಲ ಹಾಕಿಸಿಕೊಂಡರು. ಅದರ ಮೇಲೆ ಕೂತೇ ನಾನು ಹಾಕಿದ್ದ ಗುರುತಿಗೆ ಕೈ ಎತ್ತಿದರು, ಎಟುಕಲಿಲ್ಲ.

"ರಾತ್ರಿ ಎದ್ರೆ ನಾನು ದೀಪಕ್ಕೆ ಎಗರ್ಬೇಕೇನವ್ವ? ಇಲ್ಲಿ ಹಾಕು" ಎಂದು ತಮ್ಮ ಭುಜದ ಮಟ್ಟಕ್ಕೆ ಬೆರಳಿಟ್ಟು ತೋರಿಸಿದರು.

ಎಲ್ಲ ಕೋಣೆಯಲ್ಲೂ ಒಂದೇ ಎತ್ತರ ಇರಬೇಕು, ಒಂದೇ ಕಡೆ ಕೆಳಗೆ ಇದ್ದರೆ ನೋಡುವವರು ಏನಂದುಕೊಳ್ಳುತ್ತಾರೆ ಎಂದು ಯಜಮಾನರು ಬಾಗಿಲ ಬಳಿಯಿಂದ ಹೇಳಿದರು. ನಾನು ಹಳೇ ಗುರುತನ್ನು ಅಂಗೈಯಿಂದ ಉಜ್ಜಿ ಅಳಿಸಿದೆ. ಅಜ್ಜಿಯ ಬೆರಳಿದ್ದ ಕಡೆ ಟೇಪು ಹಿಡಿದೆ. ನೆಲದಿಂದ ಎರಡೂವರೆ ಅಡಿ. ಅಲ್ಲೇ ಚೌಕ ಎಳೆದು, ಉಳಿ ಸುತ್ತಿಗೆ ಕೈಗೆ ತೆಗೆದುಕೊಂಡೆ.